ಗೋಡೆಯ ಮೇಲಿನ ಏಳನೆಯದು

ಎಂಟು ನಿಮಿಷ ಕಾಯಬೇಕು. ಟ್ಯಾಂಕರಿನಿಂದ ತಂದ ಹಾಲಿನ ಮೂರು ತೊಟ್ಟುಗಳನ್ನು ಪುಟ್ಟ ಗುಳಿಯೊಳಗೆ ಬಿಟ್ಟು, ಕಾಗದದ ಪಟ್ಟಿಯನ್ನು ಬಿಸಿ ಪೆಟ್ಟಿಗೆಯಲ್ಲಿಟ್ಟು, ಮುಚ್ಚಳ ಹಾಕಿ, ಎಂಟು ನಿಮಿಷ. ಆಮೇಲೆ ಪಟ್ಟಿಯ ಮೇಲೆ ಎರಡು ಕೆಂಪು ಗೆರೆಗಳು ಮೂಡುತ್ತವೆ. ಕೆಳಗಿನ ಗೆರೆ ಮೇಲಿನದಕ್ಕಿಂತ ಗಾಢವಾಗಿದ್ದರೆ ಹಾಲು ಸರಿಯಿದೆ. ತೆಳುವಾಗಿದ್ದರೆ, ಎಲ್ಲೋ ಯಾರದೋ ಕೊಟ್ಟಿಗೆಯಲ್ಲಿ ಕೆಚ್ಚಲು ಬಾತ ಒಂದು ಹಸುವಿಗೆ ಚುಚ್ಚಿದ ಔಷಧ ಹಾಲಿಗಿಳಿದಿದೆ ಎಂದು ಅರ್ಥ. ಒಂದು ಹಸುವಿನ ತಪ್ಪಿಗೆ ಇಡೀ ಟ್ಯಾಂಕರನ್ನು ಚೆಲ್ಲಬೇಕು. ಈ ಚೀಸ್ ಕಾರ್ಖಾನೆಯ ಲ್ಯಾಬಿನಲ್ಲಿ ವೆಂಡೆಲ್ ಮೂವತ್ತಮೂರು ವರ್ಷಗಳಿಂದ ಈ ಎರಡು ಗೆರೆಗಳನ್ನು ನೋಡುತ್ತ ಬಂದಿದ್ದಾನೆ. ಅನುಮಾನ ಬಂದರೆ ಎರಡನೆಯ ಸಲ ನೋಡುತ್ತಾನೆ, ಆಗಲೂ ಅನುಮಾನವಿದ್ದರೆ ಚೆಲ್ಲಿಸುತ್ತಾನೆ. ಚೆಲ್ಲಿಸಿದ ಹಾಲಿನವರು ಚರ್ಚಿನ ಬಾಗಿಲಲ್ಲಿ ಸಿಕ್ಕಿ ಮುಖ ತಿರುಗಿಸಿದ್ದುಂಟು. ಆದರೆ ಅವನು ರುಜು ಹಾಕಿದ ಚೀಟಿಯನ್ನು ಇನ್ನೊಮ್ಮೆ ಪರೀಕ್ಷಿಸಿ ಎಂದು ಈವರೆಗೆ ಯಾರೂ ಕೇಳಿಲ್ಲ. ಇವತ್ತು ಶುಕ್ರವಾರ, ಬೆಳಗಿನ ನಾಲ್ಕನೆಯ ಟ್ಯಾಂಕರಿನ ಪಟ್ಟಿ ಕೈಯಲ್ಲಿದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಾನೆ, ಗೆರೆಗಳು ಕಾಣುತ್ತಿಲ್ಲ. ಕಾಣುತ್ತಿರುವುದು ಎರಡು ಮರದ ಗೂಟಗಳು, ಅವುಗಳ ನಡುವೆ ಹಲಗೆಯ ಮೇಲೆ ಉದ್ದಕ್ಕೆ ಮಲಗಿರುವ ಒಂದು ಬಿಳಿಚಿದ ಆಕಾರ.

"ನಾಳೆ ಜಿಂಕೆ ಬೇಟೆಗೆ ಎಲ್ಲಿ ಕೂರ್ತೀಯ ವೆಂಡೆಲ್? ಅದೇ ಹಳೇ ಅಟ್ಟಣೆನಾ?" ಎನ್ನುತ್ತ ಲೋರ್ನಾ ಹೊಸ ಬಾಟಲಿಗಳ ಬುಟ್ಟಿಯನ್ನು ಮೇಜಿನ ಮೇಲಿಟ್ಟಳು. ಹನ್ನೊಂದು ವರ್ಷದಿಂದ ಅವನ ಜೊತೆ ಅದೇ ಲ್ಯಾಬಿನಲ್ಲಿ ಕೆಲಸ ಮಾಡುವವಳು.

"ಈ ಸಲ ಹೋಗ್ತಿಲ್ಲ."

"ಅಯ್ಯೋ, ಜಿಂಕೆಗಳೆಲ್ಲ ಸೇರಿ ಹಬ್ಬ ಮಾಡ್ತವೆ ಬಿಡು. ಹಾಗಾದ್ರೆ ನಿನ್ನ ನೆಲಮಾಳಿಗೇಲಿ ಇರೋ ಬಂದೂಕಲ್ಲಿ ಒಂದನ್ನ ನಮ್ಮನೆಯೋನಿಗೆ ಕೊಡು. ಹೆದರ್ಬೇಡ, ಅವನ ಕೈಲಿ ಅದು ಯಾರಿಗೂ ತಗಲಲ್ಲ. ಕಳೆದ ವರ್ಷ ಕೊಟ್ಟಿಗೆ ಬಾಗಿಲಿಗೆ ಹೊಡೆದು ಬಂದ."

ಹೇಳಿ ನಕ್ಕವಳು ಅವನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು. ಬುಟ್ಟಿಯೊಳಗಿನ ಬಾಟಲಿಗಳನ್ನು ಸುಮ್ಮನೆ ಒಮ್ಮೆ ಅಲ್ಲಾಡಿಸಿ ಸರಿಮಾಡಿದಳು. ಬೇಸರವೇನಿಲ್ಲ ಎಂದು ವೆಂಡೆಲ್ ಹೇಳಬಹುದಿತ್ತು. ಸೆಪ್ಟೆಂಬರಿನಿಂದ ಈಚೆಗೆ ಊರಿನಲ್ಲಿ ಅದೊಂದು ಮಾತಾಗಿಹೋಗಿದೆ. ಶುಕ್ರವಾರ ಸಂಜೆ ಮೀನು ತಿನ್ನಲು ಬಾರಿಗೆ ಹೋದರೆ ಒಳಗಿನಿಂದ ಯಾರೋ "ಸರ್ಕಾರಿ ಬಂದೂಕಿನ ಬೀರು ಬಂತು, ಜಾಗ ಬಿಡಿ" ಎನ್ನುತ್ತಾರೆ. ಅವನೂ ಎಲ್ಲರ ಹಾಗೆ ನಗುತ್ತಾನೆ, ಕೋಟು ಬಿಚ್ಚಿ ಮೂಲೆಯ ಕುರ್ಚಿಯಲ್ಲಿ ಕೂರುತ್ತಾನೆ. ಕೋರ್ಟೇ ನಂಬಿ ವಹಿಸಿಕೊಟ್ಟಿದೆ ಎಂಬ ಸಣ್ಣ ಹೆಮ್ಮೆಯೂ ಮೊದಮೊದಲು ಆ ನಗುವಿನಲ್ಲಿತ್ತೇ? ಇತ್ತು. ಅದನ್ನು ಈಗ ನೆನೆದರೆ ಕಿವಿಯ ತುದಿ ಬಿಸಿಯಾಗುತ್ತದೆ.

ಕೋರ್ಟಿನ ಆ ಕೋಣೆ ಅವನು ಅಂದುಕೊಂಡದ್ದಕ್ಕಿಂತ ಚಿಕ್ಕದಿತ್ತು, ಶಾಲೆಯ ಊಟದ ಕೋಣೆಯಂತೆ ನೆಲದ ಪಾಲಿಶಿನ ವಾಸನೆ ಬರುತ್ತಿತ್ತು. ಎಡಗಡೆಯ ಮೇಜಿನಲ್ಲಿ ಮಗ ಟ್ರೆಂಟ್, ಮದುವೆಗೆ ಹೊಲಿಸಿದ್ದ ಕೋಟಿನಲ್ಲಿ. ಬಲಗಡೆ ಸೊಸೆ ಜನೆಲ್, ಕುತ್ತಿಗೆಗೆ ಆ ಸೆಕೆಯಲ್ಲೂ ಸುತ್ತಿಕೊಂಡ ಹಸಿರು ಬಟ್ಟೆ. ಆ ಬಟ್ಟೆಯ ಕೆಳಗೆ ಏನಿದೆಯೆಂದು ಆಕೆಯ ವಕೀಲರು ಓದಿ ಹೇಳಿದ್ದರು. ಹೆಬ್ಬೆರಳಿನ ಗುರುತೊಂದು, ಉಳಿದ ಬೆರಳುಗಳವು ಮೂರು. ಅದಕ್ಕಿಂತ ವೆಂಡೆಲ್‌ಗೆ ಕೇಳಲಾಗದೆ ಹೋದದ್ದು ಇನ್ನೊಂದು ಸಂಗತಿ: ಎಂಟು ತಿಂಗಳಿಂದ ಟ್ರೆಂಟ್ ರಾತ್ರಿಯೂಟಕ್ಕೆ ಕೂತಾಗ ಪಿಸ್ತೂಲನ್ನು ತಟ್ಟೆಯ ಪಕ್ಕ ಇಟ್ಟುಕೊಳ್ಳುತ್ತಿದ್ದನಂತೆ, ಉಪ್ಪಿನ ಡಬ್ಬಿ ಇಟ್ಟುಕೊಂಡ ಹಾಗೆ. ಒಮ್ಮೆಯೂ ಅದನ್ನು ಮುಟ್ಟಲಿಲ್ಲವಂತೆ. ಉಪ್ಪು ಬೇಕಾದರೆ ಜನೆಲ್ ಅದರ ಮೇಲಿಂದ ಕೈ ಚಾಚಬೇಕಿತ್ತು. ಆ ಎಂಟು ತಿಂಗಳಲ್ಲಿ ವೆಂಡೆಲ್ ಎರಡು ಸಲ ಅವರ ಮನೆಗೆ ಊಟಕ್ಕೆ ಹೋಗಿದ್ದ. ಮೇಜಿನ ಮೇಲೆ ಪಿಸ್ತೂಲು ಇರಲಿಲ್ಲ. ಉಪ್ಪಿನ ಡಬ್ಬಿಯನ್ನು ಸೊಸೆ ಎರಡೂ ಕೈಗಳಿಂದ ಎತ್ತಿ ಕೊಟ್ಟಿದ್ದು ಮಾತ್ರ ನೆನಪಿದೆ, ಎಷ್ಟು ವಿನಯ ಎಂದುಕೊಂಡಿದ್ದ. ನ್ಯಾಯಾಧೀಶರ ಬದಲಿಗೆ ವಿಚಾರಣೆ ನಡೆಸುತ್ತಿದ್ದ ಕಮಿಷನರ್ ಹೆಂಗಸು ಕನ್ನಡಕ ಏರಿಸಿ ಆದೇಶ ಓದಿ ಹೇಳಿದಳು: ನಾಲ್ಕು ವರ್ಷ ಆಕೆಯ ಹತ್ತಿರ ಸುಳಿಯಬಾರದು, ನಾಲ್ಕು ವರ್ಷ ಬಂದೂಕು ಮುಟ್ಟಬಾರದು, ಇರುವುದನ್ನೆಲ್ಲ ನಲವತ್ತೆಂಟು ಗಂಟೆಯೊಳಗೆ ಷೆರಿಫರಿಗಾಗಲಿ ಕೋರ್ಟು ಒಪ್ಪುವ ಬೇರೊಬ್ಬರಿಗಾಗಲಿ ಒಪ್ಪಿಸಬೇಕು. ಬೇರೊಬ್ಬರು ಎಂದರೆ ತಾನು. ವೆಂಡೆಲ್ ಎದ್ದು ನಿಂತು ಬಲಗೈ ಎತ್ತಿದ. ಟ್ರೆಂಟ್ ಬರೆದುಕೊಟ್ಟ ಪಟ್ಟಿಯನ್ನು ಆಕೆ ಒಂದೊಂದಾಗಿ ಓದಿದಳು. ಆರು. ಓದಿ ಮುಗಿಸಿ, ಪಟ್ಟಿಯನ್ನು ಕೆಳಗಿಟ್ಟು, ಅವನನ್ನೇ ನೋಡಿ ಕೇಳಿದಳು: "ನಿಮ್ಮ ಮಗನ ಹತ್ರ ಇದನ್ನ ಬಿಟ್ಟು ಬೇರೆ ಯಾವುದಾದ್ರೂ ಇದೆಯೇ? ನಿಮಗೆ ತಿಳಿದ ಮಟ್ಟಿಗೆ?"

ಆ ಪ್ರಶ್ನೆಗೂ ಉತ್ತರಕ್ಕೂ ನಡುವೆ ಎಷ್ಟು ಹೊತ್ತು ಕಳೆದಿರಬಹುದು? ಎರಡು ಸೆಕೆಂಡು. ಮೂರು ಎನ್ನೋಣ. ಆ ಮೂರು ಸೆಕೆಂಡಿನಲ್ಲಿ ಅವನ ತಲೆ ಬಹಳ ಕೆಲಸ ಮಾಡಿತು. ಕಾಡಿನಲ್ಲಿ, ಕ್ಯಾಂಪು ಎಂದು ಕರೆಯುವ ಜಿಂಕೆ ಬೇಟೆಯ ಗುಡಿಸಲಿನಲ್ಲಿ, ಒಲೆಯ ಮೇಲಿನ ಗೋಡೆಯಲ್ಲಿ, ಎರಡು ಗೂಟಗಳ ಮೇಲೆ ಅಜ್ಜನದು ಇತ್ತು. ಮನೆಯಲ್ಲಿ ಅದನ್ನು ಯಾರೂ ಬಂದೂಕು ಎನ್ನುತ್ತಿರಲಿಲ್ಲ, ರೈಫಲ್ ಎನ್ನುತ್ತಿರಲಿಲ್ಲ. ಅಜ್ಜನದು ಎನ್ನುತ್ತಿದ್ದರು, ಅಜ್ಜನ ಕುರ್ಚಿ ಎಂದ ಹಾಗೆ. ಗಂಡುಮಕ್ಕಳಿಗೆ ಹನ್ನೆರಡು ತುಂಬಿದ ವರ್ಷ ಸೀಸನ್ನಿನ ಮೊದಲ ಬೆಳಗ್ಗೆ ಅದನ್ನು ಗೋಡೆಯಿಂದ ಇಳಿಸಿ ಕೈಗೆ ಕೊಡುವುದು ಪದ್ಧತಿ. ಕೊಟ್ಟ ಮೇಲೆ ಅದು ಅವನದು. ಆದರೆ ಮನೆಗೆ ಒಯ್ಯುವ ಹಾಗಿಲ್ಲ, ಸೀಸನ್ ಮುಗಿದ ಮೇಲೆ ಮತ್ತೆ ಗೂಟಕ್ಕೇ. ಕೆಳಗಿನ ಹಲಗೆಯಲ್ಲಿ ಚಾಕುವಿನಿಂದ ಹೆಸರು ಕೆತ್ತಬೇಕು. ವೆಂಡೆಲ್‌ನ ಅಪ್ಪನ ಹೆಸರಿದೆ, ವೆಂಡೆಲ್‌ನದಿದೆ, ಅದರ ಕೆಳಗೆ ಹಸಿ ಮರದ ಬಣ್ಣದಲ್ಲಿ ಟ್ರೆಂಟ್, 12. ಕಾಗದವಿಲ್ಲ, ರಸೀತಿಯಿಲ್ಲ, ಯಾವ ಕಚೇರಿಗೂ ಅದು ಗೊತ್ತಿಲ್ಲ. ಹಾಗಿದ್ದರೆ ಅದು ಯಾರದು? ಕ್ಯಾಂಪು ನನ್ನ ಹೆಸರಿನಲ್ಲಿದೆ, ಗೋಡೆ ನನ್ನದು, ಗೂಟ ನನ್ನದು, ಆದ್ದರಿಂದ ಅದು ಮಗನ ಹತ್ತಿರ ಇಲ್ಲ. ಲೆಕ್ಕ ತಪ್ಪಿಲ್ಲ. ಟ್ರೆಂಟ್ ಅವನತ್ತ ನೋಡಲೂ ಇಲ್ಲ, ಮೇಜಿನ ಮೇಲೆ ಬೆರಳು ಜೋಡಿಸಿಕೊಂಡು ಕೂತಿದ್ದ. ನೋಡಿದವಳು ಜನೆಲ್. ಅವಳು ಪೂರ್ತಿ ತಿರುಗಿ ನೋಡಿದಳು.

"ಇಲ್ಲ ಮೇಡಂ," ಎಂದ ವೆಂಡೆಲ್.

ಹೋದ ಭಾನುವಾರ ಕ್ಯಾಂಪಿಗೆ ಹೋಗಿದ್ದ. ಬೇಟೆಗಲ್ಲ, ಇಲಿಯ ಹಿಕ್ಕೆ ಗುಡಿಸಿ, ಒಲೆಯ ಕೊಳವೆ ನೋಡಿ, ಬೀಗ ಹಾಕಿ ಬರಲು. ಬೀಗದ ಕೈ ಎಂದಿನಂತೆ ಸೂರಿನ ಕೆಳಗಿನ ಮೊಳೆಯಲ್ಲೇ ನೇತಾಡುತ್ತಿತ್ತು. ಬಾಗಿಲು ತೆರೆದು ಕಣ್ಣು ಕತ್ತಲಿಗೆ ಹೊಂದಿಕೊಳ್ಳುವ ಮೊದಲೇ, ಗೋಡೆಯಲ್ಲಿ ಏನೋ ಹಗುರವಾಗಿದೆ ಎಂದು ಅನ್ನಿಸಿತ್ತು. ಗೂಟಗಳು ಖಾಲಿ. ಎಪ್ಪತ್ತು ವರ್ಷದ ಒಲೆಯ ಹೊಗೆಗೆ ಕಪ್ಪಾದ ಹಲಗೆಯ ಮೇಲೆ, ಅಜ್ಜನದು ಮರೆಮಾಡಿದ್ದಷ್ಟು ಜಾಗ ಮಾತ್ರ ಬೆಳ್ಳಗೆ ಉಳಿದುಕೊಂಡಿತ್ತು. ಹಿಡಿ, ಕುದುರೆ, ನಳಿಗೆ, ನಳಿಗೆಯ ತುದಿಯ ಪುಟ್ಟ ಗುರಿಮೊಳೆ ಕೂಡ. ಗೂಟದ ಮೇಲೆ ಬೆರಳಾಡಿಸಿ ನೋಡಿದ: ಧೂಳು ಒಂದು ಪದರ ಕೂತಿತ್ತು, ಆದರೆ ತೆಳು. ಎಂಟು ವಾರದ್ದೇ, ಹತ್ತು ವಾರದ್ದೇ? ಒಲೆ ಉರಿಯದ ಕೋಣೆಯಲ್ಲಿ ಧೂಳು ಎಷ್ಟು ವೇಗವಾಗಿ ಕೂರುತ್ತದೆ ಎಂದು ಯೋಚಿಸುತ್ತ ನಿಂತ; ಆ ಲೆಕ್ಕಕ್ಕೆ ಬೇಕಾದ ಅಂಕಿಗಳು ಅವನ ಬಳಿ ಇರಲಿಲ್ಲ. ಹತ್ತು ವಾರವಾದರೆ ತಾನು ಕೈ ಎತ್ತಿ ನಿಂತ ದಿನವೇ ಈ ಗೋಡೆ ಖಾಲಿಯಿತ್ತು. ಆಮೇಲೆ ಅವನು ಒಂದು ಕೆಲಸ ಮಾಡಿದ. ಅದು ಈ ಐದು ದಿನವೂ ಹಾಲಿನ ಬಾಟಲಿ ಎತ್ತುವಾಗ, ಶೂ ಕಟ್ಟುವಾಗ, ಹಲ್ಲುಜ್ಜುವಾಗ ಕಣ್ಣ ಮುಂದೆ ಬಂದು ನಿಲ್ಲುತ್ತಿದೆ. ಮೂಲೆಯಲ್ಲಿದ್ದ ತನ್ನ ಹಳೆಯ ಕಿತ್ತಳೆ ಕೋಟನ್ನು ತೆಗೆದು ಆ ಎರಡು ಗೂಟಗಳಿಗೂ ಸಿಗುವ ಹಾಗೆ ಅಗಲಿಸಿ ತೂಗುಹಾಕಿದ. ಬಿಳಿಯ ಆಕಾರ ಮುಚ್ಚಿಹೋಯಿತು. ಯಾರು ಬರುತ್ತಾರೆಂದು ಮುಚ್ಚಿದ? ಅಲ್ಲಿ ತಾನಲ್ಲದೆ ಇನ್ನು ಯಾರೂ ಇರಲಿಲ್ಲ.

ಸೋಮವಾರ ಹೇಳುತ್ತೇನೆ ಎಂದುಕೊಂಡ. ಮಂಗಳವಾರ ಮಗನಿಗೇ ಫೋನ್ ಮಾಡಿ ಕೇಳೋಣ ಎಂದುಕೊಂಡು, ಬರುವ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಎಷ್ಟು ಗಂಟೆಗೆ ಬರುತ್ತೀಯ ಎಂದು ಕೇಳಿ ಇಟ್ಟುಬಿಟ್ಟ. ಟರ್ಕಿ ಕೋಳಿ ಈಗಾಗಲೇ ಫ್ರಿಜ್ಜಿನಲ್ಲಿದೆ, ಇಬ್ಬರಿಗೆ ತೀರಾ ದೊಡ್ಡದು. ಹೆಂಡತಿ ಆರ್ಲೀನ್ ತೀರಿಕೊಂಡ ಮೇಲೆ ವರ್ಷಕ್ಕೊಂದು ಸಲ ಆ ಊಟ. ಅದನ್ನು ಕಳೆದುಕೊಳ್ಳುವುದು ಬೇಡವೆಂದು ಐದು ದಿನ ಕಳೆದನೇ? ಇಷ್ಟು ಸಣ್ಣ ಕಾರಣವಿರಲಾರದು ಎಂದು ತನಗೇ ಹೇಳಿಕೊಂಡ. ಬೇರೆ ದೊಡ್ಡ ಕಾರಣವನ್ನು ಹುಡುಕಿದ. ಸಿಗಲಿಲ್ಲ.

"ಚೀಟಿಗೆ ರುಜು ಹಾಕ್ದೆಯೇನೋ? ಡ್ರೈವರ್ ಬೈಕೋತಿದಾನೆ," ಎಂದಳು ಲೋರ್ನಾ ಬಾಗಿಲಿನಿಂದ. ವೆಂಡೆಲ್ ಪಟ್ಟಿಯನ್ನು ಮತ್ತೊಮ್ಮೆ ನೋಡಿದ. ಕೆಳಗಿನ ಗೆರೆ ಗಾಢವಾಗಿತ್ತು, ಮೊದಲಿನಿಂದಲೂ ಹಾಗೇ ಇತ್ತು. ರುಜು ಹಾಕಿ, ಕೋಟು ತೊಟ್ಟು, ಊಟದ ಬಿಡುವಿಗೆ ಮೊದಲೇ ಹೊರಟ.

ಕೋರ್ಟಿನ ಕಟ್ಟಡದ ಅಂಗಳದಲ್ಲಿ ಅರ್ಧಕ್ಕರ್ಧ ವಾಹನಗಳಿರಲಿಲ್ಲ. ಸೀಸನ್ನಿನ ಹಿಂದಿನ ದಿನ ಮಧ್ಯಾಹ್ನವಾದರೆ ಕೌಂಟಿಯ ಗಂಡಸರೆಲ್ಲ ಉತ್ತರದ ದಾರಿ ಹಿಡಿದಿರುತ್ತಾರೆ. ಗಾಜಿನ ಕಿಂಡಿಯ ಹಿಂದಿದ್ದ ಗುಮಾಸ್ತೆ ಸ್ಯಾಂಡ್‌ವಿಚ್ಚಿನ ತುಂಡನ್ನು ಕರವಸ್ತ್ರದ ಕೆಳಗೆ ಸರಿಸಿದಳು. ತಾನು ಕಮಿಷನರರನ್ನು ಕಾಣಬೇಕು ಎಂದ ವೆಂಡೆಲ್. ಅವರು ಸೋಮವಾರ ಬರ್ತಾರೆ, ಎಂದಳು ಅವಳು. ಒಂದು ಪಟ್ಟಿಯಲ್ಲಿ ತಿದ್ದುಪಡಿ ಇದೆ. ನೀವು ಅರ್ಜಿದಾರರೋ ಎದುರುದಾರರೋ? ಎರಡೂ ಅಲ್ಲ, ಬಂದೂಕು ಇಟ್ಟುಕೊಂಡವನು. ಹಾಗಿದ್ದರೆ ನಿಮಗೆ ಫಾರಂ ಇಲ್ಲ ಸರ್, ಅರ್ಜಿದಾರರು ಅರ್ಜಿ ಹಾಕಬೇಕು, ಇಲ್ಲವೇ ಸರ್ಕಾರಿ ವಕೀಲರು. ಅವಳು ಕೆಟ್ಟವಳಲ್ಲ, ಕಿಂಡಿಯ ಹತ್ತಿರ ಬಾಗಿ ದನಿ ತಗ್ಗಿಸಿದಳು: "ಪ್ರಮಾಣ ಮಾಡಿ ಹೇಳಿದ್ದನ್ನ ಬದಲಾಯಿಸೋದಾದ್ರೆ ಮೊದಲು ಒಬ್ಬ ವಕೀಲರನ್ನ ನೋಡಿ ಸರ್. ನಿಮ್ಮ ಮೇಲೇ ಬರುತ್ತೆ." ವೆಂಡೆಲ್ ತಲೆಯಾಡಿಸಿದ. ಸೋಮವಾರದವರೆಗೆ ಮಾಡುವುದಕ್ಕೇನೂ ಇಲ್ಲ ಎಂಬ ಒಂದು ಹೇಡಿ ನೆಮ್ಮದಿ ಅವನಿಗಾಯಿತು. ಅದನ್ನು ಗುರುತಿಸಿ, ಅದರ ಮೇಲಿನ ಅಸಹ್ಯಕ್ಕೇ ಕಾಲು ಮುಂದಿಟ್ಟು, ಪಡಸಾಲೆಯ ಕೊನೆಯಲ್ಲಿದ್ದ ಷೆರಿಫರ ಕಚೇರಿಗೆ ಹೋದ.

ಅಲ್ಲಿದ್ದವನು ಗಾರ್ಡಿ, ಡೆಪ್ಯುಟಿ. ಹದಿನೇಳು ಸೀಸನ್ ಅವನೂ ವೆಂಡೆಲ್ಲೂ ಒಂದೇ ಕ್ಯಾಂಪಿನಲ್ಲಿ ಮಲಗಿದವರು. ಸಮವಸ್ತ್ರದ ಮೇಲೆ ಆಗಲೇ ಕಿತ್ತಳೆ ಟೊಪ್ಪಿ ಹಾಕಿಕೊಂಡು ಥರ್ಮಾಸ್ ತುಂಬಿಸುತ್ತಿದ್ದ.

"ಏನಪ್ಪ ಬೀರು, ಇಲ್ಲೇನ್ ಮಾಡ್ತಿದೀಯ?"

"ಗಾರ್ಡಿ, ಅಜ್ಜನದು ಗೋಡೆ ಮೇಲಿಲ್ಲ."

ಗಾರ್ಡಿ ಥರ್ಮಾಸಿನ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿದ. ಅವನಿಗೆ ವಿವರಿಸಬೇಕಾದ ಅಗತ್ಯವಿರಲಿಲ್ಲ. ಆ ಗೋಡೆಯ ಕೆಳಗೇ ಅವನ ಮಲಗುವ ಹಲಗೆ. ಸ್ವಲ್ಪ ಹೊತ್ತು ಟೊಪ್ಪಿಯೊಳಗೆ ಬೆರಳು ಹಾಕಿ ತಲೆ ಕೆರೆದುಕೊಂಡ.

"ಪಟ್ಟೀಲಿ ಅದು ಇತ್ತಾ?"

"ಇಲ್ಲ."

"ನೀನು ಹೇಳಿದ್ಯಾ?"

"ಇಲ್ಲ."

"ಮತ್ತೆ ಈಗ ಯಾಕೋ ಹೇಳೋಕೆ ಹೋಗ್ತೀಯ, ಮುಟ್ಠಾಳ. ಅದು ನಿನ್ನ ಕ್ಯಾಂಪು, ನಿಂದೇ ಅದು. ಯಾರೋ ಕದ್ದಿರ್ತಾರೆ. ಬಿಡು, ನೋಡಣ, ಈಗ್ಲೇ ಬಗೆಹರಿಸಿಬಿಡಣ," ಎಂದ. ಅವನು ಮೇಜಿನ ಮೇಲಿನ ಫೋನ್ ಎತ್ತಿದಾಗ ವಾರಂಟಿಗೆ ಯಾರನ್ನೋ ಕೇಳುತ್ತಾನೆಂದು ವೆಂಡೆಲ್ ತಿಳಿದ. ಅಂಕಿ ಒತ್ತುವ ಬೆರಳನ್ನು ನೋಡಿದಾಗಲೂ ಹಾಗೇ ತಿಳಿದಿದ್ದ, ಕೊನೆಯ ನಾಲ್ಕು ಅಂಕಿಗಳವರೆಗೆ. ಆ ನಾಲ್ಕು ಅಂಕಿಗಳು ಅವನಿಗೆ ಬಾಯಿಪಾಠ.

"ಟ್ರೆಂಟ್? ಗಾರ್ಡಿ ಕಣೋ. ಹ್ಞೂ, ಚಳಿ. ನೋಡು, ನಿಮ್ಮಪ್ಪ ಇಲ್ಲಿ ನಿಂತಿದಾನೆ, ಅಜ್ಜನದು ಕಾಣಿಸ್ತಿಲ್ಲವಂತೆ, ಗಾಬರಿ ಬಿದ್ದಿದಾನೆ. ನಿನ್ಹತ್ರ ಇದ್ಯೇನೋ? ಇದ್ರೆ ತಂದಿಟ್ಬಿಡು, ನಾನೇನೂ ಬರ್ಕೊಳಲ್ಲ... ಇಲ್ವಾ? ಸರಿ ಸರಿ. ಇಲ್ಲ, ಕೋಪ ಎಲ್ಲ ಮಾಡ್ಕೋಬೇಡ, ವಯಸ್ಸಾಯ್ತು ಅವನಿಗೆ." ಇಟ್ಟು, ವೆಂಡೆಲ್‌ನ ಕಡೆಗೆ ತಿರುಗಿ, ಮುಗಿಯಿತು ಎಂಬಂತೆ ಎರಡೂ ಅಂಗೈ ತೋರಿಸಿದ. "ಅವನ ಹತ್ರ ಇಲ್ಲವಂತೆ."

ಮೂವತ್ತಮೂರು ವರ್ಷ ಹಾಲನ್ನು ಹಾಲಿನವರ ಮಾತಿನಿಂದ ಪರೀಕ್ಷಿಸಿರಲಿಲ್ಲ ಅವನು. "ಗಾರ್ಡಿ," ಎಂದ. ಸೋಮವಾರ ನಾನೇ ಅವನ ಮನೆಗೆ ಹೋಗಿ ನೋಡುತ್ತೇನೆ, ಈಗ ಮನೆಗೆ ಹೋಗಿ ಮಲಗು ಎಂದು ಗಾರ್ಡಿ ಅವನ ಬೆನ್ನು ತಟ್ಟಿದ. ಆ ಕೈಯಲ್ಲಿ ನಿಜವಾದ ಪ್ರೀತಿಯಿತ್ತು. ಅದು ಇಲ್ಲದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಜನೆಲ್ ಕೆಲಸ ಮಾಡುತ್ತಿದ್ದುದು ವೃದ್ಧಾಶ್ರಮದ ಬಟ್ಟೆ ಒಗೆಯುವ ಕೋಣೆಯಲ್ಲಿ. ಹಿಂದಿನ ಬಾಗಿಲು ತೆರೆದಾಗ ಬಿಸಿ ಆವಿ ವೆಂಡೆಲ್‌ನ ಕನ್ನಡಕದ ಮೇಲೆ ಕೂತು ಏನೂ ಕಾಣದಾಯಿತು. ಒರೆಸಿಕೊಂಡು ನೋಡಿದರೆ ಅವಳು ದೊಡ್ಡ ಹಾಸುಬಟ್ಟೆಯೊಂದನ್ನು ಎದೆಗಾನಿಸಿ ಮಡಿಸುತ್ತ ಅವನನ್ನೇ ನೋಡುತ್ತಿದ್ದಳು. ಕುತ್ತಿಗೆಯಲ್ಲಿ ಈಗ ಬಟ್ಟೆಯಿಲ್ಲ, ಗುರುತೂ ಇಲ್ಲ. ಹತ್ತು ವಾರದಲ್ಲಿ ಚರ್ಮ ಎಲ್ಲವನ್ನೂ ಮರೆತಿತ್ತು. ನಿಂತಲ್ಲೇ, ತಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಹೇಳಿದ: ಕ್ಯಾಂಪಿನ ಗೋಡೆಯ ಮೇಲೆ ಒಂದು ಇತ್ತು, ಅದು ಟ್ರೆಂಟ್‌ನದು, ಈಗ ಅಲ್ಲಿಲ್ಲ.

"ಗೊತ್ತು," ಎಂದಳು ಜನೆಲ್.

"ಗೊತ್ತಾ?"

"ಮದುವೆಯಾದ ವರ್ಷ ಹೆಸರು ತೋರಿಸೋಕೆ ಕರ್ಕೊಂಡ್ ಹೋಗಿದ್ದ. ಕೋರ್ಟಲ್ಲಿ ನಾನು ಹೇಳಿದ್ರೆ ಹೆಂಡ್ತಿ ಸಿಟ್ಟಿಗೆ ಹೇಳ್ತಾಳೆ ಅಂತಾರೆ, ಕಾಗದ ಎಲ್ಲಿ ಅಂತಾರೆ. ನಿಮ್ಮನ್ನ ಕೇಳಿದ್ರಲ್ಲ, ನೀವು ಹೇಳ್ತೀರಿ ಅಂತ ನೋಡ್ತಿದ್ದೆ. ನೀವು ಹಾಲಿನ ವಿಷಯಕ್ಕೇ ಸುಳ್ಳು ಹೇಳದವರು." ಮಡಿಕೆಯ ಅಂಚು ಸೇರಿಸಿ ಕೈಯಿಂದ ಒತ್ತಿದಳು. "ನೀವು ಇಲ್ಲ ಅಂದ ಮೇಲೆ ನಾನು ಅದರ ಯೋಚನೆ ಮಾಡೋದು ಬಿಟ್ಬಿಟ್ಟೆ. ಈಗ ಯಾಕೆ ಬಂದ್ರಿ?"

"ಇವತ್ತು ಹೇಳ್ದೆ. ಗಾರ್ಡಿಗೆ."

"ಗಾರ್ಡಿ ಏನ್ ಮಾಡ್ದ?"

ವೆಂಡೆಲ್ ಕನ್ನಡಕವನ್ನು ಮತ್ತೆ ತೆಗೆದು ಒರೆಸಿದ, ಅದು ಸ್ವಚ್ಛವಾಗಿಯೇ ಇತ್ತು. "ಫೋನ್ ಮಾಡ್ದ."

"ಯಾರಿಗೆ?"

ಅವನ ಮುಖ ನೋಡಿಯೇ ಅವಳಿಗೆ ತಿಳಿಯಿತು. ಜನೆಲ್ ಹಾಸುಬಟ್ಟೆಯನ್ನು ಕೆಳಗಿಟ್ಟು ಬುಟ್ಟಿಯ ಅಂಚಿನಲ್ಲಿ ಕೂತಳು. ಯಂತ್ರವೊಂದು ತನ್ನ ಸುತ್ತು ಮುಗಿಸಿ ನಿಧಾನವಾಗಿ ನಿಂತಿತು. ಬೈಯಲಿ ಎಂದು ಅವನು ಕಾಯುತ್ತಿದ್ದ. ಬೈದಿದ್ದರೆ ಹೊತ್ತುಕೊಂಡು ಮನೆಗೆ ಒಯ್ಯಲು ಏನಾದರೂ ಸಿಗುತ್ತಿತ್ತು.

"ಅವತ್ತು ಒಂದು ಮಾತು ಹೇಳಿದ್ರೆ ಸಾಕಿತ್ತು, ವೆಂಡೆಲ್," ಎಂದಳು, ಯಾರಿಗೋ ದಾರಿ ಹೇಳುವ ದನಿಯಲ್ಲಿ. "ಇವತ್ತು ಅದೇ ಮಾತು ಹೇಳಬಾರದಿತ್ತು. ಅದು ಗೋಡೆ ಮೇಲಿಲ್ಲ ಅಂತ ನಿಮಗೆ ಗೊತ್ತಾಗಿದ್ದು ಅವನಿಗೆ ಗೊತ್ತಿರಲಿಲ್ಲ. ಇನ್ನೇನು ಅದನ್ನ ಕಿತ್ಕೋತಾರೆ ಅಂತ ಈಗ ಗೊತ್ತಾಯ್ತು." ಎದ್ದು, ಗೂಟದಿಂದ ಕೋಟು ತೆಗೆದುಕೊಂಡಳು. ಇಸ್ತ್ರಿ ಯಂತ್ರದ ಹತ್ತಿರವಿದ್ದ ವಯಸ್ಸಾದ ಹೆಂಗಸಿನ ಬಳಿ ಹೋಗಿ ಕಿವಿಯಲ್ಲಿ ಏನೋ ಹೇಳಿದಳು. ಆ ಹೆಂಗಸು ವೆಂಡೆಲ್‌ನತ್ತ ಒಮ್ಮೆ ನೋಡಿ, ತನ್ನ ಕೈಚೀಲ ತಡಕಿ, ಒಂದು ಬೀಗದ ಕೈಯನ್ನು ಅವಳ ಅಂಗೈಗೆ ಹಾಕಿದಳು.

"ಎಲ್ಲಿಗೆ ಹೋಗ್ತೀಯ? ನಾನು ಕಾರಲ್ಲಿ..."

"ನಿಮಗೆ ಹೇಳಲ್ಲ. ಅವನು ಬಂದು ಕೇಳ್ತಾನೆ. ನೀವು ಹೇಳ್ಬಿಡ್ತೀರಿ."

"ಹೇಳಲ್ಲ ಜನೆಲ್."

"ಬಾಯಲ್ಲಿ ಹೇಳಲ್ಲ," ಎಂದಳು ಅವಳು, ಹೆಚ್ಚುಕಡಿಮೆ ಕರುಣೆಯಿಂದ.

ಬೀಗದ ಕೈಗೆ ಕೆಂಪು-ಬಿಳಿಯ ಗಾಳದ ಬೆಂಡೊಂದನ್ನು ಕಟ್ಟಿತ್ತು. ನೋಡಬಾರದು ಎಂದುಕೊಳ್ಳುವ ಮೊದಲೇ ಅವನ ಕಣ್ಣು ಅದನ್ನು ನೋಡಿಯಾಗಿತ್ತು. ನೋಡುವುದೇ ಅಲ್ಲವೇ ಜೀವಮಾನವಿಡೀ ಮಾಡಿದ ಕೆಲಸ. ಹೆರಾನ್ ಸರೋವರದ ದಂಡೆಯ ಐದು ಮರದ ಮನೆಗಳು. ಬೇಸಿಗೆಗೆ ಬಾಡಿಗೆ, ಚಳಿಗಾಲಕ್ಕೆ ಬೀಗ. ಪ್ರತಿಯೊಂದರ ಬೀಗದ ಕೈಗೂ ಒಂದೊಂದು ಬಣ್ಣದ ಬೆಂಡು, ನೀರಿಗೆ ಬಿದ್ದರೆ ತೇಲಲಿ ಎಂದು. ಕೆಂಪು-ಬಿಳಿಯದು ಮೂರನೆಯ ಮನೆ. ಟ್ರೆಂಟ್‌ಗೆ ಒಂಬತ್ತು ವರ್ಷವಾಗಿದ್ದಾಗ ಅವರು ಮೂವರೂ ಅಲ್ಲಿ ಎರಡು ವಾರ ಇದ್ದರು.

ಶನಿವಾರ ಬೆಳಗಾಗುವ ಮೊದಲೇ ಸದ್ದು ಶುರುವಾಯಿತು. ಸೂರ್ಯ ಹುಟ್ಟಲು ಅರ್ಧ ಗಂಟೆ ಇರುವಾಗ ಕಾನೂನು ಗುಂಡು ಹಾರಿಸಲು ಬಿಡುತ್ತದೆ. ಆ ನಿಮಿಷಕ್ಕೆ ಸರಿಯಾಗಿ ದೂರದಲ್ಲಿ ಒಂದು, ಆಮೇಲೆ ಎರಡು, ಆಮೇಲೆ ನಾಲ್ಕೂ ದಿಕ್ಕಿನಿಂದ. ವೆಂಡೆಲ್ ಅಡುಗೆಮನೆಯಲ್ಲಿ ಕಾಫಿ ಮಾಡಿಕೊಂಡು ಕೂತು ಒಂದೊಂದನ್ನೂ ವಿಂಗಡಿಸುತ್ತಿದ್ದ. ಅದು ಸೇತುವೆಯ ಕಡೆಯದು. ಅದು ಜೌಗಿನ ಆಚೆಯದು, ಭಾರದ ರೈಫಲ್. ಅಜ್ಜನದು ಒಣ ಹಲಗೆ ಮುರಿದ ಹಾಗೆ ಸದ್ದು ಮಾಡುತ್ತದೆ, ಅದನ್ನು ಸಾವಿರದಲ್ಲಿ ಗುರುತು ಹಿಡಿಯಬಲ್ಲೆ ಎಂದು ಯಾವಾಗಲೋ ಜಂಬ ಕೊಚ್ಚಿಕೊಂಡಿದ್ದ. ಈಗ ಪ್ರತಿ ಮೂರನೆಯ ಸದ್ದೂ ಹಲಗೆ ಮುರಿದಂತೆಯೇ ಕೇಳುತ್ತಿತ್ತು. ಏಳೂವರೆಗೆ ಅಂಗಳದಲ್ಲಿ ಟ್ರಕ್ಕು ನಿಂತ ಸದ್ದಾಯಿತು. ಈ ದಿನ ಈ ಹೊತ್ತಿನಲ್ಲಿ ಈ ಕೌಂಟಿಯಲ್ಲಿ ಯಾರ ಮನೆಗೂ ಯಾರೂ ಬರುವುದಿಲ್ಲ.

ಟ್ರೆಂಟ್ ಕಿತ್ತಳೆ ಕೋಟಿನಲ್ಲಿದ್ದ. ಶೂ ಒರೆಸಿಕೊಂಡು ಒಳಗೆ ಬಂದ, ಅವನಮ್ಮ ಕಲಿಸಿದ ಹಾಗೆ. ರಾತ್ರಿ ಮಲಗಿರಲಿಲ್ಲವೆಂದು ಕಾಣುತ್ತಿತ್ತು. "ಕಾಫಿ ಇದ್ಯಾ ಅಪ್ಪ?" ಎಂದ. ವೆಂಡೆಲ್ ಬಗ್ಗಿಸಿ ಕೊಟ್ಟ. ಇಬ್ಬರೂ ಮೇಜಿಗೆ ಕೂತರು. ಕಿಟಕಿಯಾಚೆ ಟ್ರಕ್ಕಿನ ಹಿಂದಿನ ಗಾಜಿನಲ್ಲಿ, ಎಲ್ಲರ ಟ್ರಕ್ಕಿನಲ್ಲೂ ಇರುವ ಹಾಗೆ, ಬಂದೂಕಿನ ಒಂದು ಉದ್ದನೆಯ ಗೆರೆ. ಈ ಬೆಳಗ್ಗೆ ಅದನ್ನು ಕಂಡು ಯಾರೂ ತಿರುಗಿ ನೋಡುವುದಿಲ್ಲ. ಮಗ ಗಾರ್ಡಿಯ ಫೋನಿನ ವಿಷಯ ಎತ್ತಲಿಲ್ಲ, ಬೈಯಲಿಲ್ಲ. ಫ್ರಿಜ್ಜಿನ ಬಾಗಿಲು ತೆರೆದು ಹಾಲು ತೆಗೆದುಕೊಳ್ಳುವಾಗ, "ಎಷ್ಟು ದೊಡ್ಡ ಕೋಳಿ ತಂದಿದೀಯಪ್ಪ," ಎಂದು ನಕ್ಕ. ಆ ನಗು ಕೇಳಿ ವೆಂಡೆಲ್‌ಗೆ ಒಂದು ಕ್ಷಣ ಎಲ್ಲವೂ ತನ್ನ ಭ್ರಮೆಯಿರಬಹುದು, ಆ ಬಿಳಿಯ ಆಕಾರವೂ ಹಲಗೆಯ ಕಲೆಯಿರಬಹುದು ಎನ್ನಿಸಿತು.

"ಅವಳು ಮನೇಲಿಲ್ಲ," ಎಂದ ಟ್ರೆಂಟ್. "ಅವಳ ಅಕ್ಕನ ಮನೇಲೂ ಇಲ್ಲ. ನೋಡ್ಕೊಂಡ್ ಬಂದೆ."

"ಅವಳ ಹತ್ರ ಹೋಗಬಾರ್ದು ನೀನು. ಕಾನೂನಿದೆ."

"ಮಾತಾಡ್ಬೇಕು ಅಷ್ಟೇ. ನಿನ್ನೆ ಅವಳನ್ನ ನೋಡೋಕೆ ಹೋಗಿದ್ಯಂತೆ. ಎಲ್ಲಿಗೆ ಹೋದ್ಲು?"

"ಗೊತ್ತಿಲ್ಲ."

"ಅಪ್ಪ."

"ನಂಗೆ ಹೇಳ್ಲಿಲ್ಲ ಟ್ರೆಂಟ್. ಹೇಳಲ್ಲ ಅಂದ್ಲು." ಇದು ನಿಜವಾಗಿತ್ತು. ಪ್ರಮಾಣ ಮಾಡಿ ಹೇಳಿದರೂ ನಿಜವಾಗಿರುತ್ತಿತ್ತು. ನಿಜವನ್ನೇ ಹೇಳುತ್ತಿದ್ದೇನೆಂಬ ಬಲದಿಂದ ಅವನು ತಲೆಯೆತ್ತಿ ಮಗನ ಕಣ್ಣನ್ನು ನೋಡಬೇಕೆಂದುಕೊಂಡ. ಟ್ರೆಂಟ್ ಕಾಯುತ್ತಿದ್ದ. ಕೋರ್ಟಿನಲ್ಲಿ ತನ್ನತ್ತ ತಿರುಗದೆ ಕೂತಿದ್ದವನು ಈಗ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಗೋಡೆ ನೋಡು, ಬಟ್ಟಲು ನೋಡು, ಕಿಟಕಿ ನೋಡು ಎಂದು ವೆಂಡೆಲ್ ತನಗೆ ಹೇಳಿಕೊಂಡ. ಅದೊಂದು ಕಡೆ ಬಿಟ್ಟು ಎಲ್ಲಿಗಾದರೂ ನೋಡು. ಅಷ್ಟು ಹೇಳಿಕೊಂಡದ್ದೇ ತಪ್ಪಾಯಿತು. ಅವನ ಕಣ್ಣು ಫ್ರಿಜ್ಜಿನ ಬಾಗಿಲಿಗೆ ಹೋಯಿತು, ಅಲ್ಲಿ ಆಯಸ್ಕಾಂತದ ಕೆಳಗಿದ್ದ ಬಣ್ಣಗೆಟ್ಟ ಫೋಟೋಕ್ಕೆ. ಮರದ ಮನೆಯ ಮೆಟ್ಟಿಲ ಮೇಲೆ ಆರ್ಲೀನ್. ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಮೂರು. ಮುಂದೆ, ಮೊಣಕಾಲುದ್ದದ ಮೀನನ್ನು ಎತ್ತಿ ಹಿಡಿದು, ಮುಂದಿನ ಎರಡು ಹಲ್ಲಿಲ್ಲದೆ ನಗುತ್ತಿರುವ ಟ್ರೆಂಟ್. ಅರ್ಧ ಸೆಕೆಂಡು. ಅಷ್ಟೂ ಇರಲಾರದು. ಕಣ್ಣು ಹಿಂದಕ್ಕೆ ಬರುವಷ್ಟರಲ್ಲಿ ಮಗನೂ ತಿರುಗಿ ನೋಡಿ ಮುಗಿಸಿದ್ದ.

"ಆ ಬೇಸಿಗೆ ಚೆನ್ನಾಗಿತ್ತಲ್ಲ ಅಪ್ಪ," ಎಂದ ಟ್ರೆಂಟ್. ಉಳಿದ ಕಾಫಿ ಕುಡಿದು, ಬಟ್ಟಲನ್ನು ತೊಳೆದು, ಬೋರಲು ಹಾಕಿ, ಹೋಗುವಾಗ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ.

ಸರೋವರಕ್ಕೆ ಇಪ್ಪತ್ತೆಂಟು ಮೈಲಿ. ದಾರಿಯಲ್ಲಿ ಹಿಮ ಇನ್ನೂ ಗಟ್ಟಿಯಾಗಿಲ್ಲ. ಮೂವತ್ತೈದು ನಿಮಿಷ, ಅವಸರವಿದ್ದರೆ ಮೂವತ್ತು. ಆ ಮನೆಗಳಲ್ಲಿ ಫೋನಿಲ್ಲ, ಮೊಬೈಲ್ ಸಿಗ್ನಲ್ಲೂ ಸಿಗದು. ಇಸ್ತ್ರಿಯ ಹೆಂಗಸಿನ ಹೆಸರೇ ಅವನು ಕೇಳಿಕೊಂಡಿರಲಿಲ್ಲ. ತಾನೇ ಹೊರಟರೆ ಮಗನ ಹಿಂದೆ, ಯಾವಾಗಲೂ ಅವನ ಹಿಂದೆ. ವೆಂಡೆಲ್ ಫೋನ್ ಎತ್ತಿ ತುರ್ತು ಸಂಖ್ಯೆ ಒತ್ತಿದ. ಒತ್ತುವ ಮೊದಲು ಎಷ್ಟು ಹೊತ್ತು ಮೇಜಿನ ಬಳಿ ನಿಂತಿದ್ದ? ಗಡಿಯಾರ ನೋಡಿದ. ಎಂಟು ನಿಮಿಷ.

"ಏನಾಗಿದೆ ಹೇಳಿ ಸರ್," ಎಂದಿತು ಒಂದು ಎಳೆಯ ಹೆಣ್ಣುದನಿ.

ಏನಾಗಿದೆ? ಇನ್ನೂ ಏನೂ ಆಗಿಲ್ಲ. ಅವನು ಬಾಯಿ ತೆರೆದಾಗಲೇ ಹೊರಗೆ, ಹತ್ತಿರದ ಹೊಲದಲ್ಲಿ, ಮೂರು ಸಲ ಸದ್ದಾಯಿತು.

"ಸರ್, ನಿಮ್ಮ ಹಿಂದೆ ಗುಂಡಿನ ಸದ್ದು ಕೇಳ್ತಿದೆ. ಯಾರು ಹೊಡೀತಿದಾರೆ?"

"ಎಲ್ಲರೂ," ಎಂದ ವೆಂಡೆಲ್.

"ಓ, ಬೇಟೆಯದಾ. ಸರಿ ಸರ್. ನೀವು ಫೋನ್ ಮಾಡಿದ್ದು ಯಾಕೆ?"

ಅವನು ಸರೋವರದ ಹೆಸರು ಹೇಳಿದ. ಮೂರನೆಯ ಮನೆ ಎಂದ. ಮಗನ ಹೆಸರು ಹೇಳಿದ, ಅಕ್ಷರ ಅಕ್ಷರವಾಗಿ. ಆ ಕಡೆಯಿಂದ ಕೀಲಿಮಣೆಯ ಸದ್ದು ಬರುತ್ತಿತ್ತು. ನಿಮ್ಮ ಹತ್ತಿರದ ಗಾಡಿ ಕೌಂಟಿಯ ಇನ್ನೊಂದು ಕೊನೆಯಲ್ಲಿದೆ ಸರ್, ಇವತ್ತು ಜನ ಕಡಿಮೆ, ನಲವತ್ತು ನಿಮಿಷವಾಗಬಹುದು, ಲೈನಿನಲ್ಲೇ ಇರಿ ಎಂದಳು. ಆಮೇಲೆ, ಓದಿ ಕೇಳುವ ದನಿಯಲ್ಲಿ: "ಇಲ್ಲಿ ಕೋರ್ಟಿನ ಆದೇಶ ಕಾಣಿಸ್ತಿದೆ. ಅವರ ಬಂದೂಕು ಆರೂ ನಿಮ್ಮ ವಶದಲ್ಲಿದೆ ಅಂತಿದೆ. ಹಾಗಾದ್ರೆ ಅವರ ಹತ್ರ ಆಯುಧ ಇಲ್ಲ, ಅಲ್ವಾ ಸರ್?"

ನೆಲಮಾಳಿಗೆಯ ಬೀರುವಿನ ಬೀಗದ ಕೈ ಅವನ ಕುತ್ತಿಗೆಯಲ್ಲೇ ಇತ್ತು, ಅಂಗಿಯೊಳಗೆ, ಮೈಯಷ್ಟೇ ಬೆಚ್ಚಗೆ. ಹತ್ತು ವಾರ ಅದನ್ನು ಒಮ್ಮೆಯೂ ತೆಗೆದಿರಲಿಲ್ಲ. ಅವನು ಇನ್ನೊಂದು ಕೈಯನ್ನು, ತನಗೇ ತಿಳಿಯದಂತೆ, ಭುಜದ ಮಟ್ಟಕ್ಕೆ ಎತ್ತಿ, ಖಾಲಿ ಅಡುಗೆಮನೆಯಲ್ಲಿ, ಖಾಲಿ ಕುರ್ಚಿಯ ಎದುರಿಗೆ ನಿಂತು, ತಡಬಡಿಸದೆ ಹೇಳಿದ:

"ಇನ್ನೊಂದು ಇದೆ ಮೇಡಂ."